ಹೊಂಗೆ ಬಾಗಿದ ಹೊಳೆಯಾಚೆ

ಮಾರ್ಕಯನ್‌ಕೋಟ್ಟೈ ಕಂಬಂ ಕಣಿವೆಯ ಒಂದು ಸಣ್ಣ ಪಟ್ಟಣ. ಚಿನ್ನಮನೂರಿಗೂ ಕುಚ್ಚನೂರಿನ ಶನೀಶ್ವರನ ಗುಡಿಗೂ ಹತ್ತಿರ. ಪಡುವಣಕ್ಕೆ ಏಲಕ್ಕಿಮಲೆಯ ಸಾಲು, ಅದರಾಚೆ ಕೇರಳ. ಮೂಡಣಕ್ಕೆ ವರುಸನಾಡಿನ ಬೆಟ್ಟಗಳು. ನಡುವಣ ತಗ್ಗಿನಲ್ಲಿ ಹರಿಯುವ ಹೊಳೆಗೆ 1895ರಿಂದ ಪೆರಿಯಾರ್ ಅಣೆಕಟ್ಟೆಯ ನೀರು ಬೆಟ್ಟ ಕೊರೆದ ಸುರಂಗದ ಮೂಲಕ ಬಂದು ಸೇರುತ್ತಿದೆ. ಹಾಗಾಗಿ ಈ ಸೀಮೆಯಲ್ಲಿ ಕಣ್ಣು ಹಾಯಿಸಿದತ್ತ ಭತ್ತ, ತೆಂಗು, ಬಾಳೆ. ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ತಮಿಳು, ಗುಡಿಯ ಫಲಕದ ಮೇಲೆ ತಮಿಳು. ಕಣಿವೆಯ ಕೆಲವು ಒಕ್ಕಲು ಮನೆಗಳ ಹೊಸ್ತಿಲು ದಾಟಿದರೆ ಮಾತ್ರ ಕನ್ನಡ. ತುಂಗಭದ್ರೆಯಿಂದ ಆರುನೂರು ಕಿಲೋಮೀಟರಿಗೂ ಆಚೆ, ಲಿಪಿಯ ನೆರವಿಲ್ಲದೆ, ಬರೀ ಬಾಯಿಂದ ಬಾಯಿಗೆ ದಾಟಿ ಉಳಿದ ಕನ್ನಡ.

ಈ ಮಾತನ್ನು ಹೊತ್ತು ತಂದವರನ್ನು ಸೀಮೆಯವರು ಕಪ್ಪಿಲಿಯರ್ ಎಂದೂ ಅನುಪ್ಪರ್ ಎಂದೂ ಕರೆಯುತ್ತಾರೆ. ಹೆಸರಿನ ಕೊನೆಗೆ ಗೌಂಡರ್ ಎಂಬ ಪಟ್ಟ. ನಮ್ಮ ಗೌಡನೇ ಅಲ್ಲಿ ಗೌಂಡನಾಗಿದ್ದಾನೆ. ಏಕೆ ಬಂದಿರಿ ಎಂದರೆ ಹಿರಿಯರು ಹೇಳುತ್ತಿದ್ದ ಕಥೆ ಒಂದೇ ಬಗೆಯದು. ತುಂಗಭದ್ರೆಯ ಸೀಮೆಯಲ್ಲಿ ಇದ್ದೆವು. ತುರುಕರ ಅಧಿಕಾರ ಬಂತು. ನಮ್ಮ ಹೆಣ್ಣುಮಕ್ಕಳನ್ನು ಕೇಳಿದರು. ಕೊಟ್ಟರೆ ಕುಲ ಹೋಯಿತು, ಕೊಡದಿದ್ದರೆ ತಲೆ ಹೋಯಿತು. ಒಂದು ರಾತ್ರಿ ಇಡೀ ಕುಲ ಎದ್ದು ತೆಂಕಣಕ್ಕೆ ನಡೆಯಿತು. ಬೆನ್ನ ಹಿಂದೆ ಕುದುರೆಗಳ ಸದ್ದು, ಎದುರಿಗೆ ದಾಟಲಾಗದ ತುಂಬು ಹೊಳೆ. ಇನ್ನು ಉಳಿಗಾಲವಿಲ್ಲ ಎನ್ನುವಾಗ ಈ ದಡದ ಹೊಂಗೆಮರವೂ ಆ ದಡದ ಹೊಂಗೆಮರವೂ ಬಾಗಿ ನಡುಹೊಳೆಯಲ್ಲಿ ಕೂಡಿಕೊಂಡವು. ಮಕ್ಕಳು ಮರಿ, ದನ ಕರು ಎಲ್ಲ ಆ ಸೇತುವೆಯ ಮೇಲೆ ದಾಟಿದ ಮೇಲೆ ಮರಗಳು ಮತ್ತೆ ನೆಟ್ಟಗಾದವು. ಅಟ್ಟಿಸಿಕೊಂಡು ಬಂದವರು ಆಚೆ ದಡದಲ್ಲೇ ಉಳಿದರು. ಅಲ್ಲಿಂದ ಮೈಸೂರು ಸೀಮೆ, ಕಂಚಿ, ಕೊಯಮತ್ತೂರು, ಕಡೆಗೆ ಈ ಕಣಿವೆ. ಕಂಚಿಯಲ್ಲಿ ತಂಗಿದ್ದ ಮಾತನ್ನು ಮರೆಯದೆ ಹೇಳುತ್ತಾರೆ. ಕಂಚಿಯ ವರದರಾಜಸ್ವಾಮಿ ಅವರ ಕುಲಕ್ಕೆ ಬೇಕಾದ ದೇವರು.

ಇದನ್ನೆಲ್ಲ ಬರೆದುಕೊಂಡವರು ಬ್ರಿಟಿಷ್ ಆಡಳಿತದ ಅಧಿಕಾರಿಗಳು. 1906ರ ಮದುರೆ ಜಿಲ್ಲಾ ಗ್ಯಾಸೆಟಿಯರ್‌ನಲ್ಲಿ ಡಬ್ಲ್ಯು. ಫ್ರಾನ್ಸಿಸ್, 1909ರಲ್ಲಿ ಏಳು ಸಂಪುಟಗಳ ತಮ್ಮ ಗ್ರಂಥದಲ್ಲಿ ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿ. ಅವರ ಪುಟಗಳನ್ನು ನಿಧಾನವಾಗಿ ಓದಿದವರಿಗೆ ಒಂದು ಸಂಗತಿ ಕಾಣುತ್ತದೆ. ಇದೇ ಹೊಂಗೆಯ ಕಥೆಯನ್ನು ತೆಲುಗು ಮಾತಿನ ತೊಟ್ಟಿಯರೂ ಹೇಳುತ್ತಾರೆ. ಅವರ ಮದುವೆಯ ಚಪ್ಪರಕ್ಕೆ ಹೊಂಗೆಯ ಮರವೇ ಆಗಬೇಕು. ಆದರೆ ಕಪ್ಪಿಲಿಯರಲ್ಲಿ ಕೆಲವರು ಥರ್ಸ್ಟನ್ನನಿಗೆ ಬೇರೆಯೇ ಹೇಳಿದರು: ನಾವು ತುಂಗಭದ್ರೆಯ ದಂಡೆ ಬಿಟ್ಟು ಆರೇಳು ತಲೆಮಾರಾಯಿತು, ನಮ್ಮ ಹೆಣ್ಣುಮಕ್ಕಳ ಮೇಲೆ ಕೈಮಾಡಲು ಬಂದವರು ತೊಟ್ಟಿಯರು. ಒಂದೇ ಕುಲ, ಒಂದೇ ನದಿ, ಅದೇ ಹೆಣ್ಣುಮಕ್ಕಳ ಮಾನದ ಅಂಜಿಕೆ. ಅಟ್ಟಿಸಿಕೊಂಡು ಬಂದವನ ಹೆಸರು ಮಾತ್ರ ಬೇರೆ.

ಇಂದು ಒಂದು ದೇಶದ ಬಾಗಿಲಲ್ಲಿ ನಿಂತು ಆಶ್ರಯ ಕೇಳುವವನಿಗೆ ಅಧಿಕಾರಿ ಕೇಳುವುದು ಇದನ್ನೇ: ಯಾರು, ಎಂದು, ಯಾವ ದಾರಿ, ಸಾಕ್ಷಿ ಏನು? 1951ರ ಜಿನೀವಾ ಒಡಂಬಡಿಕೆ ಧರ್ಮದ ಕಾರಣಕ್ಕೆ ಕಿರುಕುಳದ ಅಂಜಿಕೆಯಿದ್ದವನನ್ನು ನಿರಾಶ್ರಿತನೆಂದು ಒಪ್ಪುತ್ತದೆ, ಆದರೆ ಅಂಜಿಕೆಗೆ ಆಧಾರ ಬೇಕೆನ್ನುತ್ತದೆ. ಭಾರತ ಆ ಒಡಂಬಡಿಕೆಗೆ ಸಹಿ ಹಾಕಿಲ್ಲ. ಕಂಬಂ ಕಣಿವೆಯ ಹಿರಿಯರನ್ನು ಅಂಥ ಅಧಿಕಾರಿಯ ಮುಂದೆ ನಿಲ್ಲಿಸಿದ್ದರೆ ತಾರೀಖು ಹೇಳಲಾಗದೆ, ಹಿಂಸಿಸಿದವನ ಹೆಸರಿನಲ್ಲಿ ಎರಡು ಮಾತಾಡಿ, ಸಾಕ್ಷಿಗೆ ಮರವೊಂದನ್ನು ತೋರಿಸಿ ಹಿಂದಿರುಗಬೇಕಾಗುತ್ತಿತ್ತು. ಆದರೂ ಅವರು ಸುಳ್ಳು ಹೇಳುತ್ತಿದ್ದರೆಂದು ನಾನು ನಂಬಲಾರೆ. ಗದ್ದೆ ಮನೆ ಬಿಟ್ಟು ಒಂದು ಕುಲ ನೂರಾರು ಹರದಾರಿ ಸುಮ್ಮನೆ ನಡೆಯುವುದಿಲ್ಲ. ತುಂಗಭದ್ರೆಯ ದಂಡೆಯಲ್ಲಿ ಓಡಲು ಕಾರಣಗಳು ಒಂದಲ್ಲ, ಹಲವು ಇದ್ದವು. ಅವುಗಳಲ್ಲಿ ಮೊದಲನೆಯದು ಚರಿತ್ರೆಗೆ ಚೆನ್ನಾಗಿ ಗೊತ್ತಿದೆ, ಮತ್ತು ಅದು ಹುಟ್ಟಿದ್ದೇ ಒಬ್ಬ ಮರೆಹೊಕ್ಕವನಿಂದ.

ಹದಿನಾಲ್ಕನೆಯ ಶತಮಾನದ ಮೊದಲ ಕಾಲು ಮುಗಿದ ಹೊತ್ತು. ತುಂಗಭದ್ರೆಯ ದಂಡೆಯ ಕಂಪಿಲಿಯಲ್ಲಿ ಕಂಪಿಲರಾಯ ಆಳುತ್ತಿದ್ದ. ಆನೆಗೊಂದಿ, ಕುಮ್ಮಟದುರ್ಗ ಅವನ ಕೋಟೆಗಳು. ಅವನ ಮಗ ಕುಮಾರರಾಮನನ್ನು ಕನ್ನಡ ನಾಡು ಇಂದಿಗೂ ಹಾಡುಗಳಲ್ಲಿ ಇಟ್ಟುಕೊಂಡಿದೆ. ದಿಲ್ಲಿಯ ಗದ್ದುಗೆಯಲ್ಲಿ ಮುಹಮ್ಮದ್ ಬಿನ್ ತುಘಲಕ್. ಅವನ ಹತ್ತಿರದ ಬಂಧು ಬಹಾವುದ್ದೀನ್ ಗುರ್ಶಾಸ್ಪ್ ಸಗರದ ಅಧಿಕಾರದಲ್ಲಿದ್ದವನು ಸುಲ್ತಾನನ ವಿರುದ್ಧ ಎದ್ದ, ಸೋತ, ಹೆಂಡತಿ ಮಕ್ಕಳೊಂದಿಗೆ ಓಡಿ ಬಂದು ಕಂಪಿಲಿಯ ಬಾಗಿಲು ತಟ್ಟಿದ.

ಬಂದವನ ಮತ ಬೇರೆ, ಮಾತು ಬೇರೆ. ಅವನ ಕಡೆಯವರೇ ಹಿಂದೆ ಈ ನಾಡನ್ನು ದೋಚಿದವರು. ಒಳಗೆ ಬಿಟ್ಟರೆ ದಿಲ್ಲಿಯ ದಂಡು ಬರುವುದು ಖಂಡಿತ. ಕಂಪಿಲರಾಯ ಬಿಟ್ಟುಕೊಂಡ. ಶರಣಾಗತ ವಜ್ರಪಂಜರ ಎಂಬ ಬಿರುದು ಕನ್ನಡದ ಎಷ್ಟೋ ಶಾಸನಗಳಲ್ಲಿ ಬರುತ್ತದೆ; ಅದನ್ನು ಕೆತ್ತಿಸಿಕೊಂಡ ದೊರೆಗಳಲ್ಲಿ ಎಷ್ಟು ಮಂದಿ ಅದಕ್ಕೆ ತಕ್ಕಂತೆ ನಡೆದರೋ, ಈ ಸಣ್ಣ ಸಂಸ್ಥಾನದ ದೊರೆ ಮಾತ್ರ ನಡೆದ. ದಂಡು ಬಂತು. ಮುತ್ತಿಗೆ ಬಿಗಿಯಾಯಿತು. ಕಾಳು ಮುಗಿಯುತ್ತ ಬಂತು. ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಬರೆದಿಟ್ಟಂತೆ, ಕಂಪಿಲರಾಯ ಅತಿಥಿಯನ್ನು ಕರೆದು ಹೇಳಿದನಂತೆ: ನನ್ನ ಗತಿ ನೀನೇ ನೋಡುತ್ತಿದ್ದೀಯೆ, ನಾನು ನನ್ನವರೊಡನೆ ಇಲ್ಲೇ ಸಾಯಲು ನಿಶ್ಚಯಿಸಿದ್ದೇನೆ, ನೀನು ತೆಂಕಣದ ದೊರೆಯ ಬಳಿಗೆ ಹೋಗು, ಅವನು ನಿನ್ನನ್ನು ಕಾಯುತ್ತಾನೆ. ಜೊತೆಗೆ ದಾರಿ ಕಾಣಿಸುವವರನ್ನೂ ಕೊಟ್ಟು ಕಳಿಸಿದ. ಆ ಮೇಲೆ ದೊಡ್ಡ ಬೆಂಕಿ ಹಾಕಿಸಿ ತನ್ನ ಸಿರಿಯನ್ನೆಲ್ಲ ಅದಕ್ಕೆ ಸುರಿದ. ಹೆಂಗಸರು ಮಿಂದು, ಮೈಗೆ ಗಂಧ ಪೂಸಿಕೊಂಡು, ಅವನ ಮುಂದೆ ನೆಲ ಮುಟ್ಟಿ ನಮಸ್ಕರಿಸಿ ಒಬ್ಬೊಬ್ಬರಾಗಿ ಬೆಂಕಿಗೆ ಇಳಿದರು. ಗಂಡಸರು ಬಾಗಿಲು ತೆರೆದು ಹೊರಗೆ ಬಂದು ಕಾದಿ ಸತ್ತರು. ಅದು 1327ರ ಸುಮಾರು. ಸೆರೆಸಿಕ್ಕ ರಾಯನ ಹನ್ನೊಂದು ಮಕ್ಕಳನ್ನು ಇಸ್ಲಾಮಿಗೆ ಸೇರಿಸಿ ದಿಲ್ಲಿಯ ಅಮೀರರನ್ನಾಗಿ ಮಾಡಲಾಯಿತು. ಅವರಲ್ಲಿ ಮೂವರನ್ನು ಇಬ್ನ್ ಬತೂತ ಮುಂದೆ ತಾನೇ ಕಂಡ. ನಸ್ರ್, ಬಖ್ತಿಯಾರ್, ಅಬೂ ಮುಸ್ಲಿಂ ಎಂದು ಅವರ ಹೊಸ ಹೆಸರುಗಳನ್ನು ಬರೆದಿದ್ದಾನೆ. ತುಂಗಭದ್ರೆಯಲ್ಲಿ ಅವರನ್ನು ಕರೆಯುತ್ತಿದ್ದ ಹೆಸರುಗಳು ಅವನ ಪುಟದಲ್ಲಿಲ್ಲ.

ಗುರ್ಶಾಸ್ಪ್ ತೆಂಕಣಕ್ಕೆ ಓಡಿ ಹೊಯ್ಸಳ ಮೂರನೆಯ ಬಲ್ಲಾಳನ ಮರೆಹೊಕ್ಕ. ಬಲ್ಲಾಳ ಅವನನ್ನು ಹಿಡಿದು ದಿಲ್ಲಿಯವರಿಗೆ ಒಪ್ಪಿಸಿದ. ಸುಲ್ತಾನ ಅವನ ಚರ್ಮ ಸುಲಿಸಿದ. ಆ ಚರ್ಮಕ್ಕೆ ಹುಲ್ಲು ತುಂಬಿ ಊರೂರು ತಿರುಗಿಸಿದ.

ಬಲ್ಲಾಳನನ್ನು ಬೈದು ಮುಂದೆ ಹೋಗುವುದು ಸುಲಭ. ಆದರೆ 1311ರಲ್ಲಿ ಮಲಿಕ್ ಕಾಫೂರನ ದಂಡು ದ್ವಾರಸಮುದ್ರಕ್ಕೆ ಬಂದದ್ದನ್ನು ಅವನು ಕಣ್ಣಾರೆ ಕಂಡಿದ್ದ. ತನ್ನ ಮಗನನ್ನೇ ದಿಲ್ಲಿಗೆ ಕಳಿಸಿ ಕಾದು ಕುಳಿತಿದ್ದ. ಕಂಪಿಲಿಯ ಹೊಗೆ ಇನ್ನೂ ಆರಿರಲಿಲ್ಲ. ಅವನ ಲೆಕ್ಕದಲ್ಲಿ ಒಬ್ಬ ಪರಕೀಯನ ಜೀವ ಒಂದು ಕಡೆ, ಇಡೀ ನಾಡು ಇನ್ನೊಂದು ಕಡೆ. ಅಂಥ ಲೆಕ್ಕ ಹಾಕಿದ ದೊರೆ ಅವನೊಬ್ಬನೇ ಅಲ್ಲ. ಇಂದಿನ ಸರಕಾರಗಳೂ ಅದನ್ನೇ ಹಾಕುತ್ತವೆ. ನನಗೆ ಕಂಪಿಲರಾಯನೇ ದೊಡ್ಡವನಾಗಿ ಕಾಣುತ್ತಾನೆ, ಬಲ್ಲಾಳನ ಅಂಜಿಕೆ ಅರ್ಥವಾಗದೆ ಅಲ್ಲ. ಬಲ್ಲಾಳನ ಕೊನೆಗಾಲವೂ ದಾರುಣವೇ. ಮದುರೆಯಲ್ಲಿ ದಿಲ್ಲಿಯಿಂದ ಸಿಡಿದು ನಿಂತ ಸುಲ್ತಾನರ ಆಳ್ವಿಕೆ ಶುರುವಾಗಿತ್ತು. ಎಂಬತ್ತರ ಮುದುಕ ಬಲ್ಲಾಳ ಶ್ರೀರಂಗದ ಬಳಿಯ ಕಣ್ಣನೂರನ್ನು ಮುತ್ತಿ, ಗೆಲುವು ಕೈಗೆ ಬಂದಿದ್ದಾಗ ಮೋಸಹೋಗಿ ಸೆರೆಸಿಕ್ಕ. ಸುಲ್ತಾನ ಘಿಯಾಸುದ್ದೀನ್ ದಾಮಘಾನಿ ಅವನ ಸಂಪತ್ತನ್ನೆಲ್ಲ ಕಸಿದುಕೊಂಡು ಕೊಲ್ಲಿಸಿದ. ಹುಲ್ಲು ತುಂಬಿದ ಬಲ್ಲಾಳನ ಚರ್ಮ ಮದುರೆಯ ಗೋಡೆಗೆ ನೇತಾಡುತ್ತಿದ್ದುದನ್ನು ಕಂಡೆನೆಂದು ಅದೇ ಇಬ್ನ್ ಬತೂತ ಬರೆದ.

ಆ ಪ್ರವಾಸಿಯ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಘಿಯಾಸುದ್ದೀನ್ ಅವನಿಗೆ ಷಡ್ಡಕ. ಇಬ್ಬರೂ ಮದುರೆಯ ಮೊದಲ ಸುಲ್ತಾನನ ಅಳಿಯಂದಿರು. ಆ ಷಡ್ಡಕ ಹಿಂದೂ ಸೆರೆಯಾಳುಗಳ ಹೆಂಗಸರನ್ನೂ ಹಾಲುಗಲ್ಲದ ಮಕ್ಕಳನ್ನೂ ಕೊಲ್ಲಿಸಿದ್ದನ್ನು ಅವನು ಮುಚ್ಚಿಡಲಿಲ್ಲ. ಇಂಥ ಹೇಯ ಕೆಲಸವನ್ನು ಬೇರೆ ಯಾವ ದೊರೆಯೂ ಮಾಡಿದ್ದನ್ನು ಅರಿಯೆ, ಅದಕ್ಕೇ ದೇವರು ಅವನ ಸಾವನ್ನು ಬೇಗ ತಂದ ಎಂಬ ಅರ್ಥದ ಮಾತು ಬರೆದಿಟ್ಟ. ಅದೇ ಮತದ, ಅದೇ ಮನೆಯ ಮನುಷ್ಯ ಕೊಟ್ಟ ಈ ಸಾಕ್ಷಿಗೆ ನಾನು ಬಹಳ ಬೆಲೆ ಕೊಡುತ್ತೇನೆ.

ಆ ದಶಕಗಳಲ್ಲಿ ಕಾವೇರಿಯ ಕೆಳಗಿನಿಂದ ಕನ್ನಡ ನಾಡಿನತ್ತಲೂ ಜನ ಓಡಿಬಂದರು. ಶ್ರೀರಂಗದ ಮೇಲೆ ದಾಳಿಯಾದಾಗ ಶ್ರೀವೈಷ್ಣವ ಗುರು ಪಿಳ್ಳೈ ಲೋಕಾಚಾರ್ಯರು ಉತ್ಸವಮೂರ್ತಿಯನ್ನು ಹೊತ್ತು ಮದುರೆಯ ಕಡೆಗೆ ಹೊರಟು ದಾರಿಯಲ್ಲೇ, ಜ್ಯೋತಿಷ್ಕುಡಿಯಲ್ಲಿ ತೀರಿಕೊಂಡರು. ಮೂರ್ತಿ ಮಲೆಯಾಳ ಸುತ್ತಿ ಮೇಲುಕೋಟೆಗೆ ಬಂತು, ಅಲ್ಲಿಂದ ತಿರುಪತಿಗೆ. ವೇದಾಂತ ದೇಶಿಕರು ಕೊಳ್ಳೇಗಾಲದ ಬಳಿಯ ಸತ್ಯಾಗಾಲದಲ್ಲಿ ನೆಲೆ ಕಂಡರು. ಮೇಲುಕೋಟೆಗೆ ಇದು ಹೊಸತಲ್ಲ. ಶೈವ ಚೋಳನ ಕಾಟಕ್ಕೆ ಬಿಳಿಯ ಬಟ್ಟೆಯುಟ್ಟು ಶ್ರೀರಂಗ ಬಿಟ್ಟ ರಾಮಾನುಜರನ್ನು ಹೊಯ್ಸಳ ನಾಡು ಕಾಪಾಡಿತೆಂದು ಗುರುಪರಂಪರೆಯ ಗ್ರಂಥಗಳು ಹೇಳುತ್ತವೆ. ಅವರ ಬದಲಿಗೆ ಕಾವಿಯುಟ್ಟು ಆಸ್ಥಾನಕ್ಕೆ ಹೋದ ಶಿಷ್ಯ ಕೂರೇಶರು ಕಣ್ಣು ಕಳೆದುಕೊಂಡರು.

ಕಾಟ ಕೊಟ್ಟವರು ಎಂದೂ ಒಂದೇ ಮತದವರಾಗಿರಲಿಲ್ಲ. ಮಾರ್ಕಯನ್‌ಕೋಟ್ಟೈಗೆ ದೂರವಲ್ಲದ ಉತ್ತಮಪಾಳ್ಯದ ಬಂಡೆಯ ಮೇಲೆ ಸಾವಿರ ವರ್ಷ ಹಳೆಯ ತೀರ್ಥಂಕರರ ಸಾಲಿದೆ. ಕೆಳಗೆ ವಟ್ಟೆಳುತ್ತಿನಲ್ಲಿ ಅಜ್ಜನಂದಿ ಎಂಬ ಮುನಿಯ ಹೆಸರಿದೆ. ಆ ಮುನಿಗಳಿಗೆ ಅನ್ನವಿಟ್ಟ ಜೈನ ಮನೆಗಳು ಕಣಿವೆಯಲ್ಲಿ ಉಳಿಯಲಿಲ್ಲ. 1368ರಲ್ಲಿ, ವಿಜಯನಗರದ ಬುಕ್ಕರಾಯನ ಬಳಿಗೆ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಜೈನರು ಬಂದು ದೂರು ಕೊಟ್ಟರು: ಭಕ್ತರು, ಅಂದರೆ ಶ್ರೀವೈಷ್ಣವರು, ನಮಗೆ ಅನ್ಯಾಯ ಮಾಡುತ್ತಿದ್ದಾರೆ. ಬುಕ್ಕರಾಯ ಎರಡೂ ಕಡೆಯ ಹಿರಿಯರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ. ಜೈನರ ಮನೆಗೊಂದು ಹಣದಂತೆ ಎತ್ತಿ ಶ್ರವಣಬೆಳಗೊಳಕ್ಕೆ ಇಪ್ಪತ್ತು ಮಂದಿ ಕಾವಲಿನವರನ್ನು ಇಡುವುದು, ಉಳಿದದ್ದರಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ ಬಳಿಸುವುದು, ಅದರ ಮೇಲ್ವಿಚಾರಣೆ ತಿರುಮಲೆಯ ತಾತಯ್ಯನದು. ದೂರು ಬಂದ ಪಂಗಡದವನಿಗೇ ಕಾವಲಿನ ಹೊಣೆ! ಈ ಶಾಸನ ಇಂದಿಗೂ ಶ್ರವಣಬೆಳಗೊಳದಲ್ಲಿದೆ. ರಾಮಾನುಜರು ಆಶ್ರಯ ಕೇಳಿ ಬಂದ ನಾಡಿನಲ್ಲೇ, ಅವರ ಅನುಯಾಯಿಗಳ ವಿರುದ್ಧ ಮತ್ತೊಬ್ಬರು ಆಶ್ರಯ ಕೇಳಬೇಕಾಯಿತು. ಇದನ್ನು ಬರೆಯುವಾಗ ನನ್ನ ಮನಸ್ಸಿಗೆ ನೋವಾಗುತ್ತದೆ.

ಬುಕ್ಕನ ಮಗ ಕುಮಾರ ಕಂಪಣ ಮದುರೆಗೆ ದಂಡೆತ್ತಿ ಹೋಗಿ ಗೆದ್ದ. ಅವನ ರಾಣಿ ಗಂಗಾದೇವಿ ಆ ಗೆಲುವನ್ನು ಸಂಸ್ಕೃತದಲ್ಲಿ ಕಾವ್ಯವಾಗಿಸಿದಳು. 1371ರಲ್ಲಿ ಶ್ರೀರಂಗದ ದೇವರು ಮನೆಗೆ ಮರಳಿದ. ತುಂಗಭದ್ರೆಯಿಂದ ಮದುರೆಗೆ ದಾರಿ ತೆರೆದದ್ದು ಹೀಗೆ. ದಂಡಿನ ಹಿಂದೆ ದಂಡಿನವರ ನಂಟರು, ಅವರ ಹಿಂದೆ ಒಕ್ಕಲು, ಕುರುಬರು, ನೇಕಾರರು. ಹದಿನಾರನೆಯ ಶತಮಾನದಲ್ಲಿ ವಿಶ್ವನಾಥ ನಾಯಕ ಮದುರೆ ಸೀಮೆಯನ್ನು 72 ಪಾಳೆಯಗಳಾಗಿ ಹಂಚಿದಾಗ ಬಡಗಣದಿಂದ ಬಂದವರಿಗೆ ನೆಲ ಸಿಕ್ಕಿತು. ಕಂಬಂ ಕಣಿವೆಯ ಕೋಂಬೆ, ತೇವಾರಗಳಲ್ಲಿ ಕನ್ನಡದ ಪಾಳೆಯಗಾರರೇ ಆದರು. ಕಪ್ಪಿಲಿಯರ ಪೂರ್ವಿಕರು ಬಂದದ್ದು ಕಂಪಿಲಿ ಉರಿದಾಗಲೋ, 1565ರಲ್ಲಿ ವಿಜಯನಗರ ಬಿದ್ದಾಗಲೋ, ಪಾಳೆಯಗಾರರ ನೆರಳಲ್ಲೋ? ಒಂದೇ ಸಲ ಬಂದಿರಲಾರರು. ತಲೆಮಾರುಗಳ ಉದ್ದಕ್ಕೂ ಬಂದವರು ಕೂಡಿ ಒಂದು ಕುಲವಾದರು, ಅವರವರ ಅಂಜಿಕೆಗಳೆಲ್ಲ ಕೂಡಿ ಒಂದು ಹೊಳೆಯ ಕಥೆಯಾಯಿತು. ಹೊರಟ ಮುಹೂರ್ತ ಮರೆತರೂ ಹೊರಡಿಸಿದ ಕಾರಣವನ್ನು ಮರೆಯಬಾರದೆಂದು ಅವರು ನಿಶ್ಚಯಿಸಿದ್ದರು.

ಹೊಸ ನೆಲದಲ್ಲಿ ಅವರು ನೆಮ್ಮದಿಯಾಗಿಯೇ ಇದ್ದರೆಂದು ತಿಳಿಯಬೇಡಿ. ಒಂದೇ ಮಾತಿನ, ಒಂದೇ ಕಥೆಯ ಕಪ್ಪಿಲಿಯರಿಗೂ ಅನುಪ್ಪರಿಗೂ ಕಂಬಂ ಊರಿನಲ್ಲಿ ಜಗಳ ಹತ್ತಿತು. ಅಂದು ಊರಿನಲ್ಲಿ ಅನುಪ್ಪರ ಬಲವೇ ಹೆಚ್ಚು. ಕಪ್ಪಿಲಿಯರ ಯಜಮಾನ ರಾಮಚ್ಚ ಕೌಂಡನ್ ಆ ಹೊಡೆದಾಟದಲ್ಲಿ ಸತ್ತ. ಪ್ರಾಣ ಬಿಡುವಾಗ ಅನುಪ್ಪರಿಗೆ ಏಳಿಗೆಯಾಗದಿರಲಿ ಎಂದು ಶಪಿಸಿದ. ಆಮೇಲೆ ಅವರು ಅಲ್ಲಿ ಬಾಳಲಿಲ್ಲ. ಊರಿನ ಮೂಡಣಕ್ಕೆ ಒಂದು ಅತ್ತಿಯ ಮರವನ್ನು ತೋರಿಸಿ ಅವನ ದೇಹ ಸುಟ್ಟ ಜಾಗ ಎನ್ನುತ್ತಿದ್ದರು; ಹತ್ತಿರದಲ್ಲೇ ರಾಮಚ್ಚನ್‌ಕುಳಂ ಎಂಬ ಕೆರೆ, ಏರಿಯ ಕೆಳಗೆ ಅವನ ಬೂದಿಯಿಟ್ಟ ಮಠ. ಗ್ಯಾಸೆಟಿಯರ್ ಬರೆದ ಕಾಲಕ್ಕೆ ಕಂಬಂ ಊರಿನಲ್ಲಿ ಒಬ್ಬ ಅನುಪ್ಪನೂ ಇರಲಿಲ್ಲ. ಅನುಪ್ಪರು ಕಣಿವೆಯ ಬೇರೆ ಊರುಗಳಲ್ಲಿ ಉಳಿದರು. ಅವರ ಕುಲದ ನ್ಯಾಯ ಸೇರುತ್ತಿದ್ದುದು ಹಾಸಿದ ಕಂಬಳಿಯ ಮೇಲೆ, ನಡುವೆ ಬೇವಿನೆಲೆ ಹಾಕಿದ ನೀರಿನ ಕೊಡ. ತಪ್ಪಿ ಹೊರಗಿನವನ ಜೊತೆ ಹೋದ ಹೆಣ್ಣನ್ನು ಅವರು ಕುಲದಿಂದ ಹೊರಹಾಕುತ್ತಿದ್ದರು. ಅವಳು ಸತ್ತಳೆಂದು ತೋರಿಸಲು ಮೇಕೆಯೊಂದನ್ನು ಜೀವಂತ ಹೂಳುತ್ತಿದ್ದರೆಂದೂ ಹೇಳಿಕೆಯಿದೆ. ಹೆಣ್ಣುಮಕ್ಕಳ ಮಾನಕ್ಕಾಗಿ ನಾಡನ್ನೇ ಬಿಟ್ಟ ನೆನಪು ಅದೇ ಹೆಣ್ಣುಮಕ್ಕಳ ಮೇಲೆ ಎಷ್ಟು ಭಾರವಾಗಿ ಕುಳಿತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಊರೂರಿನ ಬದುಕಿನಲ್ಲಿ ಹಳೆಯ ಅಂಜಿಕೆ ಮಾತ್ರ ನೆರೆಯವರ ಮೇಲೆ ತಿರುಗಲಿಲ್ಲ. ಉತ್ತಮಪಾಳ್ಯ, ಕಂಬಂಗಳಲ್ಲಿ ತಮಿಳು ಮುಸ್ಲಿಮರಾದ ರಾವುತ್ತರ ದೊಡ್ಡ ಬೀದಿಗಳಿವೆ. ಉತ್ತಮಪಾಳ್ಯದಲ್ಲಿ ಹಾಜಿ ಕರುತ್ತ ರಾವುತ್ತರ್ ಹೆಸರಿನ ಹೌದಿಯಾ ಕಾಲೇಜು 1956ರಿಂದ ನಡೆಯುತ್ತಿದೆ. ಕಣಿವೆಯ ರೈತರ ಮಕ್ಕಳು ಪದವಿ ಓದಲು ಹೋದದ್ದು ಅಲ್ಲಿಗೆ.

ಕಪ್ಪಿಲಿಯರು ತುಂಗಭದ್ರೆಯ ಕಡೆಯಿಂದ ಹೊಡೆದುಕೊಂಡು ಬಂದೆವೆನ್ನುವ ದನಗಳ ಸಂತತಿ ಕಂಬಂನಲ್ಲಿದೆ: ತಂಬಿರಾನ್ ಮಾಡು, ದೇವರ ದನ. ಅವಕ್ಕೆ ನೊಗವಿಲ್ಲ. ಹಾಲು ಮಾರಾಟಕ್ಕಲ್ಲ. ಮಂದೆಗೆ ಒಂದು ಪಟ್ಟದ ಹೋರಿ. ಅದು ಸತ್ತರೆ ಗೌರವದಿಂದ ಹೂಳುತ್ತಾರೆ, ಉತ್ತರಾಧಿಕಾರಿಯನ್ನು ಮನುಷ್ಯರು ಆರಿಸುವುದಿಲ್ಲ. ಇಡೀ ಮಂದೆಯನ್ನು ನಿಲ್ಲಿಸಿ, ಕರ್ಪೂರ ಹಚ್ಚಿ, ಬಾಳೆಹಣ್ಣು ವೀಳ್ಯವಿಟ್ಟು, ಎದುರಿಗೆ ಕಬ್ಬಿನ ಕಟ್ಟು ಇಡುತ್ತಾರೆ. ಜನ ಉಸಿರು ಬಿಗಿಹಿಡಿದು ಸುತ್ತ ನಿಲ್ಲುತ್ತಾರೆ. ಹೋರಿಗಳು ಮೂಸುತ್ತವೆ, ಹಿಂಜರಿಯುತ್ತವೆ. ಯಾವ ಹೋರಿ ಮೊದಲು ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೆ ಅರಿಸಿನ ಕುಂಕುಮ, ಹೂವಿನ ಹಾರ, ಪಟ್ಟ. ಅಲ್ಲಿಂದ ಮುಂದೆ ಅದು ಸಾಯುವ ತನಕ ಮಂದೆಯ ದೊರೆ. ಕಂಬಂನ ನಂದಗೋಪಾಲನ ಗುಡಿಯ ಈ ತೊಳುವಿಗೆ, ಅಂದರೆ ದೊಡ್ಡಿಗೆ, ಮಾಟ್ಟುಪ್ಪೊಂಗಲ್ ದಿನ ಜನ ನೂಕುನುಗ್ಗಲಾಗಿ ಬರುತ್ತಾರೆ. ಹರಕೆ ಹೊತ್ತವರು ಕರುಗಳನ್ನು ತಂದು ಮಂದೆಗೆ ಒಪ್ಪಿಸುತ್ತಾರೆ. ಕರು ತಂದವನ ಮನೆಮಾತು ಕನ್ನಡವೇ, ತಮಿಳೇ ಎಂದು ಯಾರೂ ಕೇಳುವುದಿಲ್ಲ.